ಡಿಸ್ಕ್, ಪ್ಯಾಡ್ ಎರಡೂ ಹೊಸದು, ಆದರೂ ಚಕ್ರ ಕಾಯುತ್ತಿದೆ: ದೋಷ ಹುಡುಕುವ ಬಗೆ

ಬ್ರೇಕಿನ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ) ಮತ್ತು ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್ ಬದಲಾಯಿಸಿಕೊಂಡು ಗ್ಯಾರೇಜಿನಿಂದ ಬಂದ ಕಾರು ನಾಲ್ಕೇ ದಿನಕ್ಕೆ ಸುಟ್ಟ ವಾಸನೆ ಹೊಡೆಯತೊಡಗಿದರೆ ಮೊದಲ ಗುಮಾನಿ ಹೊಸ ಸಾಮಾನಿನ ಮೇಲೆ ಹೋಗುತ್ತದೆ. ‘ಡೂಪ್ಲಿಕೇಟ್ ಪ್ಯಾಡ್ ಹಾಕಿಬಿಟ್ಟಿದ್ದಾರೆ’ ಎಂಬ ಮಾತು ಬಂದೇ ಬರುತ್ತದೆ. ನಕಲಿ ಪ್ಯಾಡ್ ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆದರೆ ಈ ಬಗೆಯ ದೂರುಗಳಲ್ಲಿ ದೋಷ ಸಿಕ್ಕುವುದು ಬಹುಮಟ್ಟಿಗೆ ಬದಲಾಯಿಸಿದ ಭಾಗದಲ್ಲಲ್ಲ, ಬದಲಾಯಿಸದೆ ಉಳಿಸಿಕೊಂಡ ಭಾಗದಲ್ಲಿ. ಸವೆದ ಪ್ಯಾಡ್ ತೆಳ್ಳಗಿರುತ್ತದೆ, ಸವೆದ ಡಿಸ್ಕ್ ಕೂಡ ತೆಳ್ಳಗಿರುತ್ತದೆ. ಆ ಸಡಿಲಿನಲ್ಲಿ ಪ್ಯಾಡ್ ಕೂರುವ ತುಕ್ಕು ಹಿಡಿದ ಬ್ರಾಕೆಟ್, ಒಣಗಿದ ಪಿನ್, ಪ್ಯಾಡನ್ನು ಒತ್ತಬೇಕಾದ ಆದರೆ ಅರ್ಧಂಬರ್ಧ ಓಡಾಡುವ ಪಿಸ್ಟನ್ ಎಲ್ಲವೂ ಹೇಗೋ ಸಂಸಾರ ಮಾಡಿಕೊಂಡಿರುತ್ತವೆ. ದಪ್ಪನೆಯ ಹೊಸ ಪ್ಯಾಡ್ ಬಂದು ಕೂತ ದಿನ ಆ ಸಡಿಲು ಮುಗಿಯುತ್ತದೆ, ಹಳೆಯ ರೋಗ ಹೊರಗೆ ಬರುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಕಾರುಗಳಿಗೆ ಇದು ಇನ್ನೂ ಹೆಚ್ಚು. ಮಳೆಗಾಲದ ತಿಂಗಳುಗಳಲ್ಲಿ ತೋಟದ ರಸ್ತೆಯ ಕೆಂಪು ಮಣ್ಣು ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಸಂದಿಗೆ ಸೇರುತ್ತದೆ. ಒಣಗುವ ಮುನ್ನವೇ ಮತ್ತೆ ನೆನೆಯುತ್ತದೆ. ಜೊತೆಗೆ ಘಾಟಿ ಎಂಬ ನೆಪ ಬೇರೆ. ‘ಗಿರಿಗೆ ಹೋಗಿ ಬಂದೆವು, ಬಿಸಿಯಾಗದೆ ಇರುತ್ತದೆಯೇ’ ಎಂದುಕೊಂಡು ನಿಜವಾದ ದೋಷವನ್ನು ತಿಂಗಳುಗಟ್ಟಲೆ ಮುಂದೂಡುವವರಿದ್ದಾರೆ. ಆದ್ದರಿಂದ ಮೊದಲು ಸಹಜ ಯಾವುದು, ಅಸಹಜ ಯಾವುದು ಎಂಬುದನ್ನು ಬೇರೆ ಮಾಡಿಕೊಳ್ಳಬೇಕು.

ಸಹಜ ಬಿಸಿ, ಅಸಹಜ ಬಿಸಿ

ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಚಿಕ್ಕಮಗಳೂರು ಪಟ್ಟಣ 1,000 ಮೀಟರಿಗಿಂತ ಸ್ವಲ್ಪ ಮೇಲಿದೆ. ಜನರನ್ನೂ ಸೇರಿಸಿ 1,250 ಕಿಲೊ ತೂಗುವ ಸಣ್ಣ ಕಾರು 800 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಒಂದು ಕೋಟಿ ಜೂಲ್. ಮೂರೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಿ ಪಾತ್ರೆ ಒಣಗುವವರೆಗೆ ಆವಿ ಮಾಡಲು ಅಷ್ಟು ಸಾಕು. ಎಂಜಿನ್, ಗಾಳಿ ಮತ್ತು ಟೈರು ಅದರಲ್ಲೊಂದು ಪಾಲನ್ನು ತಿನ್ನುತ್ತವೆ. ಉಳಿದದ್ದೆಲ್ಲ ಡಿಸ್ಕ್ ಮತ್ತು ಡ್ರಮ್ಮಿಗೆ ಹೋಗುತ್ತದೆ. ಹಾಗಾಗಿ ಘಾಟಿ ಇಳಿದ ಮೇಲೆ ಮುಂದಿನ ಡಿಸ್ಕುಗಳು 200 ಡಿಗ್ರಿ ದಾಟಿರುವುದು ದೋಷವಲ್ಲ. ಎರಡೂ ಕಡೆ ಒಂದೇ ತರಹ ಕಾದಿದ್ದರೆ, ಅರ್ಧ ಗಂಟೆಯಲ್ಲಿ ಆರುತ್ತಿದ್ದರೆ, ಹಾಗೇ ಬಿಡಿ.

ಹೊಸ ಪ್ಯಾಡಿನ ವಾಸನೆಯೂ ಮೊದಮೊದಲು ಸಹಜವೇ. ಪ್ಯಾಡಿನೊಳಗಿನ ಅಂಟು ಮೊದಲ ಸಲ ಕಾದಾಗ ಅನಿಲ ಬಿಡುತ್ತದೆ. ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯನ್ನು ಸರಿಯಾಗಿ ಒರೆಸದಿದ್ದರೆ ತುಸು ಹೊಗೆಯೂ ಬರಬಹುದು. ಮೊದಲ 200–300 ಕಿಲೋಮೀಟರ್ ಒಳಗೆ ಇದು ಇಳಿಯಬೇಕು. ಇಳಿಯದೆ ಏರುತ್ತಿದ್ದರೆ, ಅದೂ ಒಂದೇ ಚಕ್ರದಲ್ಲಿ ಏರುತ್ತಿದ್ದರೆ, ಅದು ಬೇರೆ ವಿಷಯ.

ಇದನ್ನು ತೀರ್ಮಾನಿಸಲು ಘಾಟಿ ಸರಿಯಾದ ಜಾಗವಲ್ಲ. ಬೇಕಾಗಿರುವುದು ಸಮತಟ್ಟಾದ ರಸ್ತೆ. ಚಿಕ್ಕಮಗಳೂರಿನವರಿಗೆ ಕಡೂರಿನ ಕಡೆಯ ರಸ್ತೆ, ಹಾಸನದವರಿಗೆ ಚನ್ನರಾಯಪಟ್ಟಣದ ಹೆದ್ದಾರಿ ಅನುಕೂಲ. ಬೆಳಗ್ಗೆ ವಾಹನ ಕಡಿಮೆಯಿರುವಾಗ ಹತ್ತು ಕಿಲೋಮೀಟರಿನಷ್ಟು ಓಡಿಸಿ. ಬ್ರೇಕನ್ನು ಆದಷ್ಟೂ ಮುಟ್ಟದೆ, ಗೇರ್ ಇಳಿಸಿಕೊಂಡೇ ವೇಗ ತಗ್ಗಿಸಿ ನಿಲ್ಲಿಸಿ. ಕೂಡಲೇ ನಾಲ್ಕೂ ಚಕ್ರಗಳ ಬಿಸಿ ಅಳೆಯಿರಿ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಬಾರದು. ಅದು ಮೈಯ ಜ್ವರಕ್ಕಷ್ಟೇ. ಕೈಗಾರಿಕೆಗೆ ಬಳಸುವ ಇನ್‌ಫ್ರಾರೆಡ್ ಗನ್ ಬೇಕು. ಹೊಳೆಯುವ ಡಿಸ್ಕಿನ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಎಡಕ್ಕೂ ಬಲಕ್ಕೂ ಒಂದೇ ಜಾಗಕ್ಕೆ, ಅಂದರೆ ಡಿಸ್ಕಿನ ನಡುವಿನ ಮಸುಕಾದ ಟೊಪ್ಪಿಯ ಭಾಗಕ್ಕೆ, ಒಂದೇ ದೂರದಿಂದ ಹಿಡಿಯಿರಿ. ಅಂಕಿಗಿಂತ ಎಡಬಲದ ವ್ಯತ್ಯಾಸ ಮುಖ್ಯ. ಬ್ರೇಕ್ ಮುಟ್ಟದೆ ಓಡಿದ ಚಕ್ರ ಬೆಚ್ಚಗಿರಬೇಕು, ಅಷ್ಟೆ. ಒಂದು ಕಡೆ 50 ಡಿಗ್ರಿ, ಇನ್ನೊಂದು ಕಡೆ 120 ಡಿಗ್ರಿ ಇದ್ದರೆ ಆ ಚಕ್ರ ಹಿಡಿದುಕೊಂಡಿದೆ. ಗನ್ ಇಲ್ಲದವರು ಡಿಸ್ಕ್ ಮುಟ್ಟಲು ಹೋಗಬಾರದು. ಅಂಗೈಯನ್ನು ರಿಮ್ಮಿನ ಹತ್ತಿರಕ್ಕೆ ತಂದರೆ ಸಾಕು, ಇಷ್ಟು ವ್ಯತ್ಯಾಸವಿದ್ದರೆ ಝಳವೇ ಹೇಳುತ್ತದೆ.

ಬಿಸಿಯ ಹಂಚಿಕೆಯೇ ಅರ್ಧ ಉತ್ತರ. ಒಂದೇ ಚಕ್ರ ಕಾದಿದ್ದರೆ ಆ ಚಕ್ರದ ಕ್ಯಾಲಿಪರ್, ಪಿನ್, ಆಯಿಲ್ ಒಯ್ಯುವ ಹೋಸ್ ನೋಡಬೇಕು. ಹಿಂದಿನ ಎರಡೇ ಕಾದಿದ್ದರೆ ಹ್ಯಾಂಡ್ ಬ್ರೇಕ್. ಮುಂದಿನ ಎರಡೂ ಅಥವಾ ನಾಲ್ಕೂ ಸಮನಾಗಿ ಕಾದಿದ್ದರೆ ಪೆಡಲ್, ಪೆಡಲ್ ತುಳಿದಾಗ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್, ಬ್ರೇಕ್ ಆಯಿಲ್.

ನಿಪ್ಪಲ್ ಪರೀಕ್ಷೆ

ಇದೊಂದನ್ನು ಮಾಡದೆ ಯಾವ ಸಾಮಾನನ್ನೂ ಕೊಳ್ಳಬೇಡಿ. ಚಕ್ರವನ್ನು ಹಿಡಿದಿರುವುದು ಆಯಿಲಿನ ಒತ್ತಡವೋ, ಅಥವಾ ಕಬ್ಬಿಣ ಕಬ್ಬಿಣಕ್ಕೆ ಕಚ್ಚಿಕೊಂಡಿದೆಯೋ ಎಂಬುದನ್ನು ಇದು ಐದು ನಿಮಿಷದಲ್ಲಿ ಬೇರೆ ಮಾಡಿಬಿಡುತ್ತದೆ.

ಕಾರನ್ನು ಓಡಿಸಿ, ದೋಷ ಕಾಣಿಸಿಕೊಂಡಿರುವಾಗಲೇ ಸಮತಟ್ಟು ಜಾಗಕ್ಕೆ ತನ್ನಿ. ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಏರಿಸಿದ ಮೇಲೆ ಸ್ಟ್ಯಾಂಡ್ ಇಡದೆ ಕೆಳಗೆ ಕೈ ಹಾಕಬೇಡಿ. ಜಾಕ್ ಎತ್ತುವುದಕ್ಕಷ್ಟೇ, ಹೊತ್ತು ನಿಲ್ಲುವುದಕ್ಕಲ್ಲ. ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಪ್ಯಾಡ್ ಸವರುವ ಸಣ್ಣ ಸದ್ದು ಇದ್ದೇ ಇರುತ್ತದೆ, ಮುಂದಿನ ಚಕ್ರವಾದರೆ ಆಕ್ಸಲಿನ ಬಿಗಿಯೂ ಸ್ವಲ್ಪ ಸೇರುತ್ತದೆ. ಆದರೆ ಎರಡೂ ಕೈ ಹಾಕಿ ಎಳೆಯಬೇಕಾಗಿ ಬಂದರೆ ಅದು ಜಾಮ್. ಈಗ ಕ್ಯಾಲಿಪರಿನ ಗಾಳಿ ತೆಗೆಯುವ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಸ್ವಲ್ಪವೇ ಸಡಿಲಿಸಿ.

ಆಯಿಲ್ ಚಿಮ್ಮಿ, ಚಕ್ರ ಸರಾಗವಾಗಿ ತಿರುಗತೊಡಗಿದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದರ್ಥ. ನಿಪ್ಪಲ್ ತೆರೆದರೂ ಚಕ್ರ ಮೊದಲಿನಂತೆಯೇ ಬಿಗಿಯಾಗಿದ್ದರೆ ಆಯಿಲಿಗೂ ಅದಕ್ಕೂ ಸಂಬಂಧವಿಲ್ಲ. ಪಿನ್, ಬ್ರಾಕೆಟ್, ಪಿಸ್ಟನ್ ನೋಡಬೇಕು. ಹೊಸ ಡಿಸ್ಕ್ ಹಾಕಿದ ಮೇಲೆ ಬಂದ ತೊಂದರೆಯಲ್ಲಿ ಈ ಎರಡನೆಯದೇ ಹೆಚ್ಚು. ಪರೀಕ್ಷೆ ಮುಗಿದ ಮೇಲೆ ನಿಪ್ಪಲ್ ಬಿಗಿಸಿ, ಆಯಿಲ್ ಮಟ್ಟ ನೋಡಿ, ಪೆಡಲ್ ಗಟ್ಟಿಯಾಗಿದೆಯೇ ಎಂದು ಒತ್ತಿ ನೋಡಿಯೇ ಕಾರು ಇಳಿಸಬೇಕು.

ಕಬ್ಬಿಣ ಕಚ್ಚಿಕೊಂಡಿದ್ದರೆ

ಆಲ್ದೂರಿನ ಕಡೆಯ ಒಂದು ಸಣ್ಣ ಕಾರಿನ ವಿಷಯ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಎರಡು ದೋಷಗಳು ಒಟ್ಟಿಗಿದ್ದವು. ಮುಂದಿನ ಎಡ ಚಕ್ರ ಮಾತ್ರ ಕಾಯುತ್ತಿತ್ತು. ಸ್ಟೇರಿಂಗ್ ಬಿಟ್ಟರೆ ಕಾರು ಎಡಕ್ಕೆ ಎಳೆಯುತ್ತಿತ್ತು. ‘ಪ್ಯಾಡ್ ಸೆಟ್ ಇನ್ನೊಮ್ಮೆ ಬದಲಾಯಿಸಿಬಿಡೋಣವೇ ಅಣ್ಣಾ?’ ಎಂದು ಮಾಲೀಕರು ಕೇಳಿದರು. ಕಾಫಿ ಕೊಯ್ಲಿನ ಸಮಯ, ಅವರಿಗೆ ಗಾಡಿ ಬೇಗ ಬೇಕಿತ್ತು. ನಿಪ್ಪಲ್ ತೆರೆದರೂ ಚಕ್ರ ಬಿಡಲಿಲ್ಲ. ಕ್ಯಾಲಿಪರ್ ಬಿಚ್ಚಿದ ಮೇಲೂ ಒಳಗಿನ ಪ್ಯಾಡ್ ಬ್ರಾಕೆಟ್ಟಿನಿಂದ ಕೈಗೆ ಬರಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಬೇಕಾಯಿತು. ಅಲ್ಲಿಗೇ ಅರ್ಧ ತೀರ್ಮಾನವಾಯಿತು. ಪ್ಯಾಡ್ ತನ್ನ ಜಾಡಿನಲ್ಲಿ ಬೆರಳಿನಿಂದ ತಳ್ಳಿದರೆ ಹಿಂದೆ ಮುಂದೆ ಓಡಾಡಬೇಕು.

ಪ್ಯಾಡಿನ ಎರಡು ಕಿವಿಗಳು ಕೂರುವ ಜಾಗದಲ್ಲಿ ತೆಳು ಸ್ಟೀಲ್ ಕ್ಲಿಪ್‌ಗಳಿರುತ್ತವೆ. ಆ ಕಾರಿಗೆ ಹಳೆಯ ಕ್ಲಿಪ್‌ಗಳನ್ನೇ ಮತ್ತೆ ಹಾಕಿದ್ದರು. ಕ್ಲಿಪ್ ಕಿತ್ತು ನೋಡಿದರೆ ಅದರ ಹಿಂದೆ ಬ್ರಾಕೆಟ್ಟಿನ ಮೇಲೆ ತುಕ್ಕು ಪದರ ಪದರವಾಗಿ ಉಬ್ಬಿ, ಕ್ಲಿಪ್ಪನ್ನು ಮುಂದಕ್ಕೆ ನೂಕಿತ್ತು. ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಉದುರುತ್ತಿತ್ತು. ಅರ್ಧ ಮಿಲಿಮೀಟರಿನ ಉಬ್ಬು ಸಾಕು, ಹೊಸ ಪ್ಯಾಡಿನ ಕಿವಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಲಿಪ್ ತೆಗೆದು, ಬ್ರಾಕೆಟ್ಟನ್ನು ವೈರ್ ಬ್ರಷ್ ಮತ್ತು ಸಣ್ಣ ಅರದಿಂದ ಉಜ್ಜಿ ಬರಿಯ ಲೋಹ ಕಾಣಿಸಬೇಕು, ಹೊಸ ಕ್ಲಿಪ್ ಹಾಕಬೇಕು. ಕೆಲವು ಪ್ಯಾಡ್‌ಗಳ ಕಿವಿಗೆ ಬಣ್ಣ ದಪ್ಪಗೆ ಬಿದ್ದಿರುತ್ತದೆ. ಆ ಬಣ್ಣವನ್ನಷ್ಟೇ ಉಜ್ಜಿ ತೆಗೆಯಬಹುದು, ಲೋಹವನ್ನಲ್ಲ. ಹಳೆಯ ಪ್ಯಾಡಿನ ಬೆನ್ನಿನ ತಗಡನ್ನು ಕಿತ್ತು, ಆಗಲೇ ತಗಡು ಅಂಟಿಸಿಕೊಂಡು ಬಂದಿರುವ ಹೊಸ ಪ್ಯಾಡಿನ ಬೆನ್ನಿಗೂ ಕೂರಿಸುವ ಜಾಣರಿದ್ದಾರೆ. ಜಾಗವೇ ಇಲ್ಲದ ಕಡೆ ಇನ್ನೊಂದು ದಪ್ಪ ಸೇರಿಸಿದಂತಾಗುತ್ತದೆ.

ಅದೇ ಕಾರಿನ ಎರಡನೆಯ ದೋಷ ಕೆಳಗಿನ ಸ್ಲೈಡ್ ಪಿನ್ನಿನಲ್ಲಿತ್ತು. ಒಂದೇ ಕಡೆ ಪಿಸ್ಟನ್ ಇರುವ ಕ್ಯಾಲಿಪರ್ ಈ ಎರಡು ಪಿನ್‌ಗಳ ಮೇಲೆ ಅತ್ತಿತ್ತ ಜಾರಿದರಷ್ಟೇ ಹೊರಗಿನ ಪ್ಯಾಡ್ ಡಿಸ್ಕನ್ನು ಬಿಡುತ್ತದೆ. ಯಾರೋ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸನ್ನೇ ಪಿನ್ನಿಗೂ ಮೆತ್ತಿದ್ದರು. ಖನಿಜ ಎಣ್ಣೆಯ ಗ್ರೀಸ್ ತಾಗಿದರೆ ಇಲ್ಲಿನ ರಬ್ಬರ್ ಊದಿಕೊಳ್ಳುತ್ತದೆ. ಪಿನ್ ತುದಿಯ ರಬ್ಬರ್ ಬುಷ್ ಊದಿ, ಪಿನ್ ರಂಧ್ರದಲ್ಲಿ ಬಿರಡೆಯಾಗಿತ್ತು. ಇಲ್ಲಿಗೆ ಬೇಕಾದದ್ದು ಬ್ರೇಕಿಗೆಂದೇ ಮಾರುವ ಸಿಲಿಕೋನ್ ಗ್ರೀಸ್, ಅದೂ ತೆಳುವಾಗಿ. ರಂಧ್ರದ ತುಂಬ ತುರುಕಿದರೆ ಗಾಳಿ ಹೋಗಲು ದಾರಿಯಿಲ್ಲದೆ ಪಿನ್ ಒಳಗೆ ಇಳಿಯುವುದೇ ಇಲ್ಲ, ಒತ್ತಿದಷ್ಟೂ ಹಿಂದೆ ಬರುತ್ತದೆ. ಇನ್ನೊಂದು ಎಚ್ಚರ: ಹಲವು ಕಾರುಗಳಲ್ಲಿ ಮೇಲಿನ ಪಿನ್ ಮತ್ತು ಕೆಳಗಿನ ಪಿನ್ ಬೇರೆ ಬೇರೆ. ಒಂದಕ್ಕೆ ರಬ್ಬರ್ ಬುಷ್ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಅದಲುಬದಲಾದರೆ ಕ್ಯಾಲಿಪರ್ ಓರೆಯಾಗಿ ಹಿಡಿಯುತ್ತದೆ. ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಈ ಜಗಳವಿಲ್ಲ.

ಕಿತ್ತ ಹಳೆಯ ಪ್ಯಾಡ್‌ಗಳನ್ನು ಗ್ಯಾರೇಜಿನವರು ಎಸೆಯುವ ಮುನ್ನ ಕೇಳಿ ಇಸಿದುಕೊಳ್ಳಿ. ಅವು ಆ ಚಕ್ರದ ಜಾತಕ. ಹೊರಗಿನ ಪ್ಯಾಡ್ ಮಾತ್ರ ಬಹಳ ಸವೆದಿದ್ದರೆ ಪಿನ್‌ಗಳು ಜಾರುತ್ತಿಲ್ಲ. ಒಳಗಿನದು ಮಾತ್ರ ಸವೆದಿದ್ದರೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ ಎಂಬ ಗುಮಾನಿ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗೆ ಇದ್ದರೆ ಒಂದು ಪಿನ್ ಹಿಡಿದಿದೆ, ಇನ್ನೊಂದು ಓಡುತ್ತಿದೆ.

ಪಿಸ್ಟನ್ನಿನ ಕಥೆ ಸ್ವಲ್ಪ ಬೇರೆ. ಬ್ರೇಕ್ ಬಿಟ್ಟಾಗ ಅದನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಯಾವುದೂ ಇಲ್ಲ. ಸುತ್ತಲಿನ, ಅಡ್ಡ ಕೊಯ್ದರೆ ಚೌಕವಾಗಿ ಕಾಣುವ ರಬ್ಬರ್ ಬಳೆಯಾದ ಸೀಲ್ ಒತ್ತಡದಲ್ಲಿ ತಿರುಚಿಕೊಂಡು, ಒತ್ತಡ ಹೋದಾಗ ಮೊದಲಿನ ಆಕಾರಕ್ಕೆ ಬರುವ ಭರದಲ್ಲಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಬ್ರೇಕ್ ಬಿಡುವುದು ಎಂದರೆ ಇಷ್ಟೇ. ಹಳೆಯ ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಗೆ ಬಂದಿರುತ್ತದೆ. ದೂಳಿನ ರಬ್ಬರ್ ಹರಿದಿದ್ದರೆ ಹೊರಬಂದ ಆ ಭಾಗಕ್ಕೆ ತುಕ್ಕು ಕೂತಿರುತ್ತದೆ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಸಿ-ಕ್ಲ್ಯಾಂಪ್ ಹಾಕಿ ಒಳಗೆ ತಳ್ಳಿದಾಗ ಆ ತುಕ್ಕು ಸೀಲಿನ ಕೆಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ಸೀಲಿನ ಸಣ್ಣ ಬಲಕ್ಕೆ ಪಿಸ್ಟನ್ ಹಿಂದೆ ಬರುವುದಿಲ್ಲ. ಕೈಯಲ್ಲಿ ಕ್ಲ್ಯಾಂಪ್ ತಿರುಗಿಸುವಾಗ ಒಂದೇ ಸಮ ಒಳಗೆ ಹೋಗದೆ ತಡೆತಡೆದು ಹೋದರೆ ಸೀಲ್ ಕಿಟ್ ಬದಲಾಯಿಸಿ. ಪಿಸ್ಟನ್ ಮೈಮೇಲೆ ಗುಳಿ ಬಿದ್ದಿದ್ದರೆ ಎಮರಿ ಕಾಗದ ಹಿಡಿದು ಹೊಳಪು ಮಾಡುವ ಕೆಲಸ ಬೇಡ, ಪಿಸ್ಟನ್ನೇ ಹೊಸದಾಗಬೇಕು.

ಒತ್ತಡ ಸಿಕ್ಕಿಕೊಂಡಿದ್ದರೆ

ಒಂದೇ ಚಕ್ರದಲ್ಲಿ ಒತ್ತಡ ನಿಂತಿದ್ದರೆ ಮೊದಲು ರಬ್ಬರ್ ಹೋಸ್ ನೋಡಿ. ಕೆಲಸ ಮಾಡುವಾಗ ಕ್ಯಾಲಿಪರನ್ನು ತಂತಿ ಕಟ್ಟಿ ನೇತುಹಾಕದೆ, ಹೋಸಿನ ಮೇಲೆಯೇ ತೂಗಾಡಲು ಬಿಡುವ ಅಭ್ಯಾಸ ಬಹಳ ಗ್ಯಾರೇಜುಗಳಲ್ಲಿದೆ. ಹಳೆಯ ಹೋಸ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಪದರ ಕಿತ್ತು ನಾಲಗೆಯಂತೆ ಅಡ್ಡ ನಿಲ್ಲುತ್ತದೆ. ಕಾಲಿನ ಬಲಕ್ಕೆ ಆಯಿಲ್ ಕ್ಯಾಲಿಪರಿಗೆ ಹೋಗುತ್ತದೆ, ವಾಪಸು ಬರಲು ಬಿಡುವುದಿಲ್ಲ. ಖಚಿತಪಡಿಸಿಕೊಳ್ಳಲು ಚಕ್ರ ಜಾಮ್ ಆಗಿರುವಾಗ ಹೋಸ್ ಮತ್ತು ಲೋಹದ ಪೈಪು ಸೇರುವ ಮೇಲ್ತುದಿಯನ್ನು ಸಡಿಲಿಸಿ. ಅಲ್ಲಿ ಸಡಿಲಿಸಿದರೂ ಚಕ್ರ ಬಿಡದೆ, ಕೆಳಗೆ ನಿಪ್ಪಲ್ ತೆರೆದಾಗ ಬಿಟ್ಟರೆ ಹೋಸೇ ಅಪರಾಧಿ. ಎರಡೂ ಕಡೆಯ ಹೋಸ್ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು. ಒಂದರ ವಯಸ್ಸೇ ಇನ್ನೊಂದರದ್ದು.

ಎಲ್ಲ ಚಕ್ರಗಳೂ ಓಡಿದಷ್ಟೂ ಬಿಗಿಯಾಗುತ್ತಿದ್ದರೆ, ಆರಿದ ಮೇಲೆ ತಾವಾಗಿಯೇ ಬಿಡುತ್ತಿದ್ದರೆ, ಮಾಸ್ಟರ್ ಸಿಲಿಂಡರಿನತ್ತ ಹೋಗಬೇಕು. ಪೆಡಲ್ ಪೂರ್ತಿ ಮೇಲೆ ಬಂದಾಗ ಆಯಿಲ್ ಡಬ್ಬಿಗೆ ವಾಪಸು ಹರಿಯುವ ಸಣ್ಣ ರಂಧ್ರ ತೆರೆದುಕೊಳ್ಳಬೇಕು. ಪೆಡಲಿಗೆ ಸ್ವಲ್ಪವೂ ಸಡಿಲು ಇಲ್ಲದಂತೆ, ಸಿಲಿಂಡರನ್ನು ತಳ್ಳುವ ಸರಳಾದ ಪುಶ್ ರಾಡ್ ಬಿಗಿಸಿದ್ದರೆ ಆ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಹೋಗಲು ದಾರಿಯಿಲ್ಲದೆ ತಾನೇ ಬ್ರೇಕ್ ಹಾಕುತ್ತದೆ. ಕಾಲಿನ ಬಲ ಹೆಚ್ಚಿಸುವ ಬೂಸ್ಟರಿಗೆ ಮಾಸ್ಟರ್ ಸಿಲಿಂಡರ್ ಕೂರಿಸಿದ ನಟ್ಟುಗಳನ್ನು ಸಡಿಲಿಸಿ, ಅದನ್ನು ಒಂದೆರಡು ಮಿಲಿಮೀಟರ್ ಮುಂದೆ ಎಳೆದಾಗ ಚಕ್ರಗಳು ಬಿಟ್ಟರೆ ದೋಷ ಪುಶ್ ರಾಡಿನದು, ಇಲ್ಲವೇ ಪೆಡಲಿನದು. ಹಿಂದಿನ ಕೆಂಪು ದೀಪ ಕಾಲು ತೆಗೆದ ಮೇಲೂ ಉರಿಯುತ್ತಿದೆಯೇ ಎಂದು ಕತ್ತಲಲ್ಲಿ ಒಮ್ಮೆ ನೋಡಿ. ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲ ಎಂಬುದಕ್ಕೆ ಅದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ.

ಆಯಿಲ್ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿ. ಒಳಗಿನ ರಬ್ಬರ್ ಊದಿಕೊಂಡು ಅಂಕುಡೊಂಕಾಗಿದ್ದರೆ ಯಾರೋ ಅದಕ್ಕೆ ಎಂಜಿನ್ ಆಯಿಲನ್ನೋ ಪವರ್ ಸ್ಟೇರಿಂಗ್ ಆಯಿಲನ್ನೋ ಸುರಿದಿದ್ದಾರೆ. ಹಾಗಾಗಿದ್ದರೆ ಆ ವ್ಯವಸ್ಥೆಯ ರಬ್ಬರ್ ಭಾಗಗಳೆಲ್ಲ ಹೊಸದಾಗಬೇಕು, ಅದಕ್ಕೆ ಒಳದಾರಿ ಇಲ್ಲ.

ಹಿಂದಿನ ಚಕ್ರಗಳು

ಸಣ್ಣ ಕಾರುಗಳಲ್ಲಿ ಹಿಂದೆ ಹೆಚ್ಚಾಗಿ ಡ್ರಮ್. ಮುಂದಿನ ಕೆಲಸಕ್ಕೆ ಬಿಟ್ಟಾಗ ‘ಹ್ಯಾಂಡ್ ಬ್ರೇಕೂ ಸ್ವಲ್ಪ ಟೈಟ್ ಮಾಡಿದ್ದೇವೆ’ ಎಂದು ಧಾರಾಳವಾಗಿ ಬಿಗಿಸಿ ಕೊಡುವುದುಂಟು. ಲಿವರ್ ಪೂರ್ತಿ ಕೆಳಗಿದ್ದಾಗ ಕೇಬಲ್ಲಿನಲ್ಲಿ ಸ್ವಲ್ಪ ಸಡಿಲು ಕಾಣಬೇಕು. ತೋಟದ ಶೆಡ್ಡಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಕೇಬಲ್ ಕವಚದೊಳಗೇ ತುಕ್ಕು ಹಿಡಿದು ಹಿಂದೆ ಬರುವುದಿಲ್ಲ.

ಹಿಂದೆಯೂ ಡಿಸ್ಕ್ ಇದ್ದು, ಹ್ಯಾಂಡ್ ಬ್ರೇಕ್ ಕ್ಯಾಲಿಪರಿನೊಳಗೇ ಇದ್ದರೆ ಪಿಸ್ಟನ್ನನ್ನು ಸುಮ್ಮನೆ ತಳ್ಳುವಂತಿಲ್ಲ, ಸಾಮಾನ್ಯವಾಗಿ ತಿರುಗಿಸುತ್ತಾ ತಳ್ಳಬೇಕು. ಕೆಲವದರಲ್ಲಿ ಪ್ಯಾಡಿನ ಬೆನ್ನಿನ ಮೊಳೆ ಪಿಸ್ಟನ್ ಮುಖದ ಕಚ್ಚಿನೊಳಗೆ ಕೂರಬೇಕು. ತಪ್ಪಿದರೆ ಪ್ಯಾಡ್ ಓರೆಯಾಗಿ ನಿಂತು ಮೊದಲ ದಿನದಿಂದಲೇ ಸವರುತ್ತದೆ. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕಾದರೆ ಅದನ್ನು ಸರ್ವಿಸ್ ಸ್ಥಿತಿಗೆ ತರದೆ ಮುಟ್ಟಲೇಬಾರದು.

ಹೊಸ ಡಿಸ್ಕೇ ವಾಲಿದ್ದರೆ

ಪೆಡಲ್ ಕಾಲಿನ ಕೆಳಗೆ ಅದುರುತ್ತಿದ್ದರೆ, ಬಿಸಿಯ ಜೊತೆಗೆ ಸ್ಟೇರಿಂಗೂ ನಡುಗುತ್ತಿದ್ದರೆ ಡಿಸ್ಕ್ ನೇರವಾಗಿ ತಿರುಗುತ್ತಿಲ್ಲ. ಲೇತಿಗೆ ಒಯ್ಯುವ ಮುನ್ನ ಡಿಸ್ಕ್ ಬಿಚ್ಚಿ, ಅದು ಕೂರುವ ಹಬ್ಬಿನ ಮುಖ ನೋಡಿ. ಅಲ್ಲಿ ಉಳಿದ ತುಕ್ಕಿನ ಚೂರು ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ದೊಡ್ಡ ವಾಲಾಟವಾಗುತ್ತದೆ. ಡಯಲ್ ಗೇಜ್ ಇಟ್ಟು ತಿರುಗಿಸಿದರೆ ವಾಲಾಟ 0.05 ಮಿಲಿಮೀಟರ್ ಆಸುಪಾಸಿನಲ್ಲಿರಬೇಕು. ನಿಖರ ಮಿತಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಗಾಳಿಯ ಗನ್ನಿನಿಂದ ಒಂದೊಂದೇ ನಟ್ಟನ್ನು ಕೊನೆಯವರೆಗೆ ಬಿಗಿಸಿದರೂ ಡಿಸ್ಕ್ ವಾಲುತ್ತದೆ. ಎದುರುಬದುರು ನಟ್ಟುಗಳನ್ನು ಹಂತಹಂತವಾಗಿ, ಟಾರ್ಕ್ ರೆಂಚಿನಿಂದಲೇ ಬಿಗಿಸಬೇಕು.

ಘಾಟಿಯಲ್ಲಿ ಸಿಕ್ಕಿಬಿದ್ದರೆ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗಲೋ, ಶಿರಾಡಿಯಲ್ಲಿ ಲಾರಿಗಳ ಹಿಂದೆ ತೆವಳುವಾಗಲೋ ಬ್ರೇಕ್ ಬಗ್ಗೆ ಅನುಮಾನ ಬಂದರೆ ಪೆಡಲಿನ ಭಾಷೆ ಗಮನಿಸಿ. ಪೆಡಲ್ ಗಟ್ಟಿಯಾಗಿಯೇ ಇದ್ದು, ಕಾರು ಮಾತ್ರ ನಿಲ್ಲುತ್ತಿಲ್ಲವೆಂದರೆ ಪ್ಯಾಡ್ ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತಿದ್ದರೆ ಆಯಿಲ್ ಕುದಿದು ಆವಿಯಾಗಿದೆ, ಇದು ಹೆಚ್ಚು ಅಪಾಯ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕೆಂದು ನಿಯಮವಿದೆ, ಡಾಟ್ 4 ಆದರೆ 230. ಗಾಳಿಯ ತೇವ ಹೀರಿ ಹಳತಾದ ಆಯಿಲಿಗೆ ಇದೇ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಾಯಿಸುವುದನ್ನು ಖರ್ಚೆಂದು ಎಣಿಸಬೇಡಿ.

ಎರಡೂ ಸಂದರ್ಭದಲ್ಲಿ ಗೇರ್ ಇಳಿಸಿ, ಪೆಡಲ್ ಮೆತ್ತಗಾಗಿದ್ದರೆ ಪದೇಪದೇ ತುಳಿದು ಒತ್ತಡ ಏರಿಸಿ, ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ. ನಿಂತ ಮೇಲೆ ಹ್ಯಾಂಡ್ ಬ್ರೇಕನ್ನು ನಂಬುವ ಬದಲು ಗೇರಿನಲ್ಲಿ ಬಿಟ್ಟು, ಟೈರಿಗೆ ಕಲ್ಲು ಕೊಡಿ. ರಸ್ತೆ ಬದಿಯ ಝರಿಯಿಂದ ಬಾಟಲಿಯಲ್ಲಿ ನೀರು ತಂದು ಹೊಗೆಯಾಡುವ ಚಕ್ರಕ್ಕೆ ಸುರಿಯುವವರನ್ನು ಮಳೆಗಾಲದಲ್ಲಿ ನೋಡುತ್ತಲೇ ಇರುತ್ತೇವೆ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ವಾಲಬಹುದು, ಬಿರುಕು ಬಿಡಲೂಬಹುದು. ಗಾಳಿಗೆ ಆರಲಿ.

ಸರಿಪಡಿಸಿದ ಮೇಲೆ

ದೋಷ ನಿವಾರಣೆಯಾದ ಮೇಲೆ ಪ್ಯಾಡನ್ನು ಡಿಸ್ಕಿಗೆ ಪಳಗಿಸುವ ಕೆಲಸ ಉಳಿದಿರುತ್ತದೆ. ಖಾಲಿ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಿಂದ ಹದವಾಗಿ ಬ್ರೇಕ್ ಒತ್ತಿ 15ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸಿ, ನಡುವೆ ಸ್ವಲ್ಪ ದೂರ ಸುಮ್ಮನೆ ಓಡಿಸಿ ಆರಲು ಬಿಡಿ. ಹೀಗೆ ಎಂಟು ಹತ್ತು ಸಲ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಅಲ್ಲೊಂದು ಕಲೆ ಕೂರುತ್ತದೆ, ಆಮೇಲೆ ಅದೇ ಅದುರುವಿಕೆಗೆ ಮೂಲ. ಒಮ್ಮೆ ಜಾಮ್ ಆಗಿ ಸುಟ್ಟ ಪ್ಯಾಡ್ ಹೊಸದಾಗಿದ್ದರೂ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಡಿಸ್ಕ್ ನೀಲಿಗಟ್ಟಿದ್ದರೆ, ಅವುಗಳ ಮೇಲೆ ಪ್ರೀತಿ ತೋರಿಸದೆ ಎರಡೂ ಕಡೆಯವನ್ನು ಬದಲಾಯಿಸಿ.

ನಂತರ ಅದೇ ಸಮತಟ್ಟು ರಸ್ತೆ, ಅದೇ ದೂರ, ಅದೇ ಗನ್. ಆಲ್ದೂರಿನ ಕಾರಿನಲ್ಲಿ ಕ್ಲಿಪ್, ಬುಷ್ ಮತ್ತು ಗ್ರೀಸಿನ ಕೆಲಸ ಮುಗಿದ ಮೇಲೆ ಎಡಬಲದ ವ್ಯತ್ಯಾಸ ಹತ್ತು ಡಿಗ್ರಿಯೊಳಗೆ ಬಂತು. ಪ್ಯಾಡ್ ಸೆಟ್ ಅದೇ ಉಳಿಯಿತು. ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿ, ಗಿರಿಯ ರಸ್ತೆಗೆ ಅದಾದ ಮೇಲೆ ಹೊರಡಿ.